ಹೃದಯಕ್ಕೆ ಕಿವಿ ಉಂಟು

ಹತ್ತನೇ ಕ್ಲಾಸಿನಲ್ಲಿ ನಾನು ಹೃದಯದ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬಿಡಿಸುತ್ತಿದ್ದೆ. ಮೊದಲು ಓರೆಯಾಗಿ ಇಟ್ಟ ಒಂದು ಮಾವಿನಕಾಯಿ. ಅದರ ತಲೆಯ ಮೇಲೆ ಕೊಡೆಯ ಹಿಡಿಯ ಹಾಗೆ ಬಾಗಿದ ಮಹಾಪಧಮನಿ, ಹೃದಯದಿಂದ ರಕ್ತ ಹೊರಡುವ ದೊಡ್ಡ ನಾಳ. ಒಳಗೆ ನಡುವೆ ಒಂದು ಗೋಡೆ, ನಾಲ್ಕು ಕೋಣೆ, ಕವಾಟಗಳಿಗೆ ಸಣ್ಣ ಸಣ್ಣ ಗೆರೆ. ಒಂದು ಕಡೆ ನೀಲಿ ಪೆನ್ಸಿಲ್, ಇನ್ನೊಂದು ಕಡೆ ಕೆಂಪು. ಭಾಗಗಳ ಹೆಸರು ಬರೆಯುವಾಗ ಸ್ಕೇಲ್ ಇಟ್ಟು ಗೆರೆ ಎಳೆಯಬೇಕು, ಒಂದು ಗೆರೆಯ ಮೇಲೆ ಇನ್ನೊಂದು ಹಾಯಬಾರದು. ಇಷ್ಟು ಮಾಡಿದರೆ ಪೂರ್ತಿ ಅಂಕ.

ಆದರೆ ಆ ವಸ್ತು ನನ್ನ ಎದೆಯ ಒಳಗೆ ಉಂಟು ಅಂತ ಒಂದು ದಿನವೂ ಅನ್ನಿಸಿರಲಿಲ್ಲ. ಅದು ಪುಸ್ತಕದ ಹೃದಯ. ನನ್ನ ಹೃದಯ ಬೇರೆ. ಬಸ್ಸು ತಪ್ಪುತ್ತದೆ ಅಂತ ಓಡುವಾಗ ಡಬಡಬ ಹೊಡೆದುಕೊಳ್ಳುತ್ತಿತ್ತಲ್ಲ, ಅದು.

ಇದಕ್ಕೆ ಕಾರಣ ಹೆಸರುಗಳು ಅಂತ ಈಗ ಅನಿಸುತ್ತದೆ. ನಮ್ಮದು ಸುರತ್ಕಲ್ಲಿಗೂ ಮುಲ್ಕಿಗೂ ನಡುವಿನ ಒಂದು ಊರು. ಮನೆಯಲ್ಲಿ ತುಳು. ತುಳುವಿನಲ್ಲಿ ದೇಹಕ್ಕೆ ಒಳ್ಳೆಯ ಗಟ್ಟಿ ಹೆಸರುಗಳಿವೆ. ತಲೆಗೆ ತರೆ, ಹಲ್ಲಿಗೆ ಕೂಲಿ, ಬೆನ್ನಿಗೆ ಬೆರಿ, ಎದೆಗೆ ತಿಗಲೆ, ರಕ್ತಕ್ಕೆ ನೆತ್ತೆರ್. ಹೊಟ್ಟೆಗೆ ಬಂಜಿ. ಈ ಬಂಜಿ ಒಂದು ದೊಡ್ಡ ಗೋಣಿಚೀಲ ಇದ್ದ ಹಾಗೆ. ಹಸಿವು ಅಲ್ಲೇ, ಗ್ಯಾಸು ಅಲ್ಲೇ, ಜಂತುಹುಳ ಅಲ್ಲೇ, ಹುಟ್ಟಬೇಕಾದ ಮಗುವೂ ಅಲ್ಲೇ. ಏನೇ ನೋವಾದರೂ ಬಂಜಿಬೇನೆ. ಅಜ್ಜಿ ಒಂದು ಚಿಟಿಕೆ ಓಮ ಜಗಿಯಲಿಕ್ಕೆ ಕೊಟ್ಟರೆ ಅಲ್ಲಿಗೆ ಮುಗಿಯಿತು.

ಅದೇ ಬಂಜಿ ಕನ್ನಡ ಮೀಡಿಯಂ ಹೈಸ್ಕೂಲಿಗೆ ಹೋದ ಕೂಡಲೇ ಜಠರ, ಪಿತ್ತಜನಕಾಂಗ, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಸಣ್ಣಕರುಳು, ದೊಡ್ಡಕರುಳು ಅಂತ ಆರು ಪಾಲಾಯಿತು. ತೀರಿಹೋದ ಅಜ್ಜನ ಜಾಗ ಪಾಲಾದ ಹಾಗೆ. ಕರುಳು ಎರಡು ಗೊತ್ತಿದ್ದ ಹೆಸರೇ. ಉಳಿದವು ಯಾರೋ ದೂರದ ನೆಂಟರು. ಮೇದೋಜೀರಕ ಗ್ರಂಥಿ ಅಂತ ತಪ್ಪಿಲ್ಲದೆ ಬರೆಯುತ್ತಿದ್ದೆ. ಅದು ದೇಹದಲ್ಲಿ ಎಲ್ಲಿದೆ ಅಂತ ಯಾರಾದರೂ ನನ್ನ ಹೊಟ್ಟೆ ಮುಟ್ಟಿ ತೋರಿಸಲು ಹೇಳಿದ್ದರೆ ಹೊಕ್ಕುಳ ತೋರಿಸುತ್ತಿದ್ದೆನೋ ಏನೋ.

ಎಲ್ಲಕ್ಕಿಂತ ಕಷ್ಟ ಕೊಟ್ಟದ್ದು ಅಪಧಮನಿ ಮತ್ತು ಅಭಿಧಮನಿ. ಯಾವುದು ಹೃದಯದಿಂದ ಹೊರಡುವುದು, ಯಾವುದು ಹೃದಯಕ್ಕೆ ಬರುವುದು? ಒಂದು ಅಕ್ಷರದ ವ್ಯತ್ಯಾಸ. ಟೆಸ್ಟಿನಲ್ಲಿ ಅರ್ಧ ಕ್ಲಾಸು ಅದಲುಬದಲು ಮಾಡಿತ್ತು. ನಮ್ಮ ವಿಜ್ಞಾನದ ಸರ್ ಉತ್ತರ ಪತ್ರಿಕೆಗಳನ್ನು ಮೇಜಿನ ಮೇಲೆ ಹಾಕಿ ಸುಮ್ಮನೆ ಕೇಳಿದರು, "ಅಪಹರಣ ಅಂದರೆ ಎಂತ?"

"ಕದ್ದುಕೊಂಡು ಹೋಗುವುದು ಸರ್."

"ಹಾಂ. ದೂರ ಹೋಗುವುದು. ಅಭಿಮುಖ ಅಂದರೆ?"

ಯಾರೂ ಮಾತಾಡಲಿಲ್ಲ. "ಕಡೆಗೆ ಮುಖ ಮಾಡುವುದು. ಈಗ ಹೇಳಿ, ಅಪಧಮನಿ ಯಾವ ಕಡೆ ಹೋಗ್ತದೆ, ಅಭಿಧಮನಿ ಯಾವ ಕಡೆ ಬರ್ತದೆ?"

ಅಷ್ಟೇ. ಆಮೇಲೆ ನಮ್ಮ ಕ್ಲಾಸಿನಲ್ಲಿ ಯಾರೂ ಅದನ್ನು ತಪ್ಪು ಬರೆಯಲಿಲ್ಲ. ಹೆಸರಿನ ಒಳಗೇ ಉತ್ತರ ಇತ್ತು. ಹೆಸರನ್ನು ಬಿಡಿಸಿ ನೋಡಬಹುದು ಅಂತ ನಮಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ತೆಂಗಿನಕಾಯಿಯನ್ನು ಸಿಪ್ಪೆಯ ಸಮೇತ ಕೊಟ್ಟು ತಿನ್ನಿ ಅಂದ ಹಾಗೆ ಇತ್ತು ಅಲ್ಲಿಯವರೆಗಿನ ಪಾಠ.

ಆ ಸರ್ ಉಡುಪಿ ಕಡೆಯವರು. ಶುದ್ಧ ಸಸ್ಯಾಹಾರಿ. ಅಂಥವರು ಒಂದು ದಿನ ಹಿಂದಿನ ಬೆಂಚಿನ ಹುಡುಗನನ್ನು ಕರೆದು, "ನಾಳೆ ಒಂದು ಆಡಿನ ಹೃದಯ ತರಲಿಕ್ಕೆ ಆಗ್ತದಾ ಮಾರಾಯ?" ಅಂತ ಕೇಳಿದರು. ಅವನ ಅಪ್ಪನಿಗೆ ಮಾಂಸದ ಅಂಗಡಿ. ಅವನು ಸಾಮಾನ್ಯವಾಗಿ ಮೂರನೇ ಪೀರಿಯಡ್ ಹೊತ್ತಿಗೆ ನಿದ್ದೆಗೆ ಜಾರುವವನು. ಮರುದಿನ ಮಾತ್ರ ಪ್ರಾರ್ಥನೆಗೆ ಮೊದಲೇ ಬಂದಿದ್ದ. ಕೈಯಲ್ಲಿ ಪ್ಲಾಸ್ಟಿಕ್ ತೊಟ್ಟೆ. ತೊಟ್ಟೆಯಲ್ಲಿ ಬಾಳೆ ಎಲೆ, ಎಲೆಯಲ್ಲಿ ಹೃದಯ ಮಾತ್ರ ಅಲ್ಲ, ಎರಡು ಶ್ವಾಸಕೋಶ ಮತ್ತು ಒಂದು ಗೇಣಿನಷ್ಟು ಶ್ವಾಸನಾಳ, ಎಲ್ಲ ಒಟ್ಟಿಗೆ ಅಂಟಿಕೊಂಡೇ ಇದ್ದವು. "ಬೇರೆ ಬೇರೆ ಮಾಡಿದರೆ ನಿಮಗೆ ಗೊತ್ತಾಗುದಿಲ್ಲ ಸರ್" ಅಂದ.

ಎಷ್ಟು ದೊಡ್ಡ ಮಾತು ಅದು! ಆವತ್ತು ನಾವೆಲ್ಲ ನಕ್ಕಿದ್ದೆವು.

ಸರ್ ಸ್ಟೀಲ್ ಸ್ಕೇಲಿನಿಂದ ತೋರಿಸುತ್ತಿದ್ದರು, ಮುಟ್ಟುತ್ತಿರಲಿಲ್ಲ. ಮುಟ್ಟುವುದೆಲ್ಲ ಅವನೇ. ಅವನಿಗೆ ಒಂದು ಹೆಸರೂ ಬರುತ್ತಿರಲಿಲ್ಲ, ಆದರೆ ಕೇಳಿದ್ದನ್ನೆಲ್ಲ ಹುಡುಕಿ ಕೊಡುತ್ತಿದ್ದ. "ದಪ್ಪ ಗೋಡೆ ಇರುವ ಕಡೆ ಯಾವುದು?" ಅಂದರೆ ಹೆಬ್ಬೆರಳಿನಿಂದ ಒತ್ತಿ ನೋಡಿ, "ಇದು" ಅನ್ನುತ್ತಿದ್ದ. ಅದು ಎಡ ಹೃತ್ಕುಕ್ಷಿ, ಎಡಗಡೆಯ ಕೆಳಗಿನ ಕೋಣೆ. ಬಲದ್ದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು. ಎಡದ್ದು ತಲೆಯಿಂದ ಗೊರಸಿನವರೆಗೆ ತಳ್ಳಬೇಕು, ಅದಕ್ಕೇ ಗೋಡೆ ದಪ್ಪ. ಪುಸ್ತಕದ ಚಿತ್ರದಲ್ಲಿ ಎಡ ಅಂತ ಬರೆದದ್ದು ಬಲಗಡೆ ಇರುತ್ತದೆ, ಅದು ನಮಗೆ ಯಾವಾಗಲೂ ಗೊಂದಲ. ಅವನು ಆ ಹೃದಯವನ್ನು ತನ್ನ ಬಿಳಿ ಅಂಗಿಯ ಮುಂದೆ ಹಿಡಿದು ನಿಂತ. "ಈಗ ಸರಿ ಉಂಟಲ್ವಾ ಸರ್?" ಎಡ ಅವನ ಎಡಕ್ಕೆ ಬಂತು, ನಮಗೆ ಬಲಕ್ಕೆ ಕಂಡಿತು. ಎದುರಿಗೆ ಇನ್ನೊಬ್ಬ ಮನುಷ್ಯ ನಿಂತಿದ್ದಾನೆ ಅಂತ ತಿಳಿದು ಬಿಡಿಸಿದ ಚಿತ್ರ ಅದು ಅಂತ ಆಗ ತಲೆಗೆ ಹೋಯಿತು. ಅಂಗಿಗೆ ಕಲೆ ಆಯಿತು, ಪಾಪ.

ಆಮೇಲೆ ಅವನು ಅಂಗಳದ ಪಪ್ಪಾಯಿ ಗಿಡದಿಂದ ಒಂದು ಎಲೆಯ ದಂಟು ಮುರಿದು ತಂದ. ಒಳಗೆ ಟೊಳ್ಳಲ್ಲವಾ, ಪೀಪಿ ಮಾಡುತ್ತಿದ್ದೆವಲ್ಲ, ಅದೇ. ಸರ್ "ಬೇಡ, ಬಾಯಿ ಹಾಕಬೇಡ" ಅನ್ನುವುದರೊಳಗೆ ದಂಟನ್ನು ಶ್ವಾಸನಾಳಕ್ಕೆ ತುರುಕಿ ಊದಿಯೇ ಬಿಟ್ಟ. ಬಾಡಿದ ಸ್ಪಂಜಿನ ಹಾಗೆ ಬಿದ್ದಿದ್ದ ಶ್ವಾಸಕೋಶ ಅಂಚುಗಳಿಂದ ಮೆಲ್ಲ ಮೆಲ್ಲ ಎದ್ದಿತು. ಕಂದು ಬಣ್ಣ ಹೋಗಿ ತಿಳಿ ಗುಲಾಬಿ ಆಯಿತು. ಬಾಯಿ ತೆಗೆದ ಕೂಡಲೇ ಯಾರೂ ಒತ್ತದೆ ತಾನಾಗಿಯೇ ಇಳಿಯಿತು. ನಾವೆಲ್ಲ ಒಂದು ಕ್ಷಣ ಉಸಿರು ಬಿಗಿ ಹಿಡಿದಿದ್ದೆವು. ಇಳಿದಾಗ ನಾವೂ ಬಿಟ್ಟೆವು.

ಹೃದಯವನ್ನು ಸೀಳಿದಾಗ ಒಳಗೆ ಹೆಪ್ಪುಗಟ್ಟಿದ ರಕ್ತ ಇತ್ತು, ಹಲ್ವದ ತುಂಡುಗಳ ಹಾಗೆ. ಅದನ್ನು ತೊಳೆದ ಮೇಲೆ ಕವಾಟಗಳು ಕಂಡವು. ಪುಸ್ತಕದಲ್ಲಿ ಸಣ್ಣ ಗೆರೆ ಅಂತ ಎಳೆದದ್ದು ನಿಜದಲ್ಲಿ ತೆಳು ಪರದೆ, ಅದರ ಅಂಚಿಗೆ ಬಿಳಿ ದಾರಗಳು. ಒಂದಲ್ಲ, ಎಷ್ಟೋ. ದಾರದ ಇನ್ನೊಂದು ತುದಿ ಗೋಡೆಯ ಸ್ನಾಯುವಿಗೆ ಕಟ್ಟಿಕೊಂಡಿತ್ತು. ಸರ್ ಕೇಳಿದರು, "ಗಾಳಿಮಳೆಗೆ ನಿಮ್ಮ ಕೊಡೆ ಎಂತ ಆಗ್ತದೆ?" ಮಗುಚಿ ಹೋಗುತ್ತದೆ. ನಮ್ಮ ಕರಾವಳಿಯ ಜುಲೈ ತಿಂಗಳಲ್ಲಿ ಕೊಡೆ ಮಗುಚದ ಮಕ್ಕಳು ಯಾರಿದ್ದಾರೆ? ರಕ್ತ ಜೋರಾಗಿ ತಳ್ಳುವಾಗ ಕವಾಟ ಹಾಗೆ ಮಗುಚಬಾರದು, ಅದಕ್ಕೆ ಈ ದಾರ. ಇಷ್ಟು ಹೇಳಿ ಅವರು ಒಂದು ಲೋಟ ನೀರನ್ನು ಮಹಾಪಧಮನಿಯ ಬಾಯಿಗೆ ಹೊಯ್ದರು. ನೀರು ಕೆಳಗೆ ಇಳಿಯಲಿಲ್ಲ, ಅಲ್ಲೇ ನಿಂತಿತು. ಸತ್ತ ಆಡಿನ ಕವಾಟ ಆಗಲೂ ಬಾಗಿಲು ಹಾಕಿಕೊಂಡೇ ಇತ್ತು. ಸರ್‌ಗೂ ಖುಷಿ ತಡೆಯಲಿಲ್ಲ ಅಂತ ಕಾಣುತ್ತದೆ, ಸ್ಕೇಲ್ ಬಿಟ್ಟು ಬೆರಳನ್ನೇ ಒಳಗೆ ಹಾಕಿದರು.

ಆ ಹೊತ್ತಿಗೆ ಹುಡುಗ ಹೃದಯದ ಮೇಲಿದ್ದ ಎರಡು ಸುಕ್ಕು ಸುಕ್ಕಾದ ತುಂಡುಗಳನ್ನು ಚಿವುಟಿ ಎತ್ತಿ, "ಸರ್, ಇದಕ್ಕೆ ಕಿವಿ ಉಂಟು ನೋಡಿ" ಅಂದ. ಇಡೀ ಕ್ಲಾಸು ಮತ್ತೆ ನಕ್ಕಿತು. ಸರ್ ಮಾತ್ರ ನಗಲಿಲ್ಲ. "ಸರಿಯಾಗಿ ಹೇಳಿದೆ. ಹೃತ್ ಅಂದರೆ ಹೃದಯ. ಕರ್ಣ ಅಂದರೆ?" ಮಹಾಭಾರತದ ಕರ್ಣ ಗೊತ್ತಿದ್ದ ನಮಗೆ ಕರ್ಣ ಅಂದರೆ ಕಿವಿ ಅಂತಲೂ ಗೊತ್ತಿತ್ತು. ಕರ್ಣನ ಪಾತ್ರ ಬಂದಾಗೆಲ್ಲ ಯಕ್ಷಗಾನದಲ್ಲಿ ಕುಂಡಲದ ಮಾತು ಬರುತ್ತದಲ್ಲ. ಕುಕ್ಷಿ ಅಂದರೆ ಹೊಟ್ಟೆ ಅಂತ ಅವರೇ ಹೇಳಿದರು. ಮೇಲಿನ ಕೋಣೆ ಹೃತ್ಕರ್ಣ, ಹೃದಯದ ಕಿವಿ. ಹೃತ್ಕುಕ್ಷಿ, ಹೃದಯದ ಹೊಟ್ಟೆ. ನನ್ನ ಪಕ್ಕದವಳು ಮೆಲ್ಲಗೆ ತುಳುವಿನಲ್ಲಿ "ಹೃದಯದ ಬಂಜಿ" ಅಂತ ಗುಣುಗಿದಳು.

ಅದೇ ವರ್ಷ ನಮ್ಮನ್ನು ಉಡುಪಿಗೆ ಒಂದು ದಿನದ ಪ್ರವಾಸ ಕರೆದುಕೊಂಡು ಹೋದರು. ಕೃಷ್ಣಮಠ, ಮಲ್ಪೆ, ನಡುವೆ ಮಣಿಪಾಲದ ಅಂಗರಚನಾ ಮ್ಯೂಸಿಯಂ. 1953ರಲ್ಲಿ ಶುರುವಾದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನದ್ದು ಅದು. ಗಾಜಿನ ಜಾಡಿಗಳಲ್ಲಿ ಸಾಲು ಸಾಲಾಗಿ ಅಂಗಗಳು. ಹುಡುಗಿಯರು ಕೆಲವರು ಮೂಗಿಗೆ ಕರವಸ್ತ್ರ ಹಿಡಿದೇ ನಡೆದರು. ನನಗೆ ಜಾಡಿಗಳಿಗಿಂತ ಜಾಸ್ತಿ ನೆನಪಿರುವುದು ಆನೆಯ ಅಸ್ಥಿಪಂಜರ. ಸೊಂಡಿಲು ಇರಲಿಲ್ಲ. ಯಾರೋ ಕದ್ದಿರಬೇಕು ಅಂತ ನಮ್ಮೊಳಗೆ ಮಾತಾಯಿತು. ಸೊಂಡಿಲಿನಲ್ಲಿ ಎಲುಬೇ ಇಲ್ಲ, ಬರೀ ಸ್ನಾಯು, ನಾಲಿಗೆಯ ಹಾಗೆ ಅಂತ ಸರ್ ಹೇಳಿದರು. ಎಲುಬಿಲ್ಲದ ನಾಲಿಗೆ ಅಂತ ಅಮ್ಮ ನನಗೆ ದಿನಾ ಬಯ್ಯುತ್ತಿದ್ದರು. ಅದು ವಿಜ್ಞಾನ ಅಂತ ಗೊತ್ತಿರಲಿಲ್ಲ. ಮನುಷ್ಯನಿಗೆ 206 ಎಲುಬು ಅಂತ ಬಾಯಿಪಾಠ ಮಾಡಿದ್ದೆ. ಹುಟ್ಟುವಾಗ ಅದಕ್ಕಿಂತ ಜಾಸ್ತಿ ಇರುತ್ತವೆ, ಬೆಳೆಯುತ್ತಾ ಒಂದಕ್ಕೊಂದು ಕೂಡಿಕೊಳ್ಳುತ್ತವೆ ಅಂತ ಗೊತ್ತಾದದ್ದು ಅಲ್ಲೇ.

ಇಷ್ಟೆಲ್ಲ ಬಿಡಿಸಿ ಹೇಳಿದ ಸರ್ ಒಂದು ಪಾಠ ಮಾತ್ರ ಬಿಡಿಸಲಿಲ್ಲ. ಸಂತಾನೋತ್ಪತ್ತಿಯ ಪಾಠ ಬಂದಾಗ "ಇದನ್ನು ನೀವೇ ಓದಿಕೊಳ್ಳಿ, ಚಿತ್ರ ಕಲಿತುಕೊಳ್ಳಿ" ಅಂದು ಮುಂದಿನದ್ದಕ್ಕೆ ಹೋದರು. ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ತಿಂಗಳಿಗೆ ಮೂರು ದಿನ ಒಂದು ಚಾಪೆ ಇತ್ತು ಅಷ್ಟೇ. ಪುಸ್ತಕದಲ್ಲಿ ಋತುಚಕ್ರ ಅಂತ ಇತ್ತು. ಆ ಚಕ್ರ ಮತ್ತು ಆ ಚಾಪೆ ಒಂದೇ ವಿಷಯ ಅಂತ ನನಗೆ ಜೋಡಿಸಿ ಹೇಳಿದವರು ಯಾರೂ ಇಲ್ಲ. ಹಿಂದಿನ ಬೆಂಚಿನವನು ಕೂಡ ಆ ಪಾಠಕ್ಕೆ ಏನೂ ತರಲು ಆಗುತ್ತಿರಲಿಲ್ಲ. ಸರ್ ಮೇಲೆ ಈಗಲೂ ಗೌರವ ಉಂಟು, ಈ ಒಂದು ಬೇಸರವೂ ಉಂಟು.

ಪಿಯುಸಿಗೆ ಮಂಗಳೂರಿಗೆ ಬಂದೆ. ವಿಜ್ಞಾನ ಇಂಗ್ಲಿಷಿನಲ್ಲಿ. ಮೊದಲ ಮೂರು ತಿಂಗಳು ನನ್ನ ನೋಟ್ಸಿನ ಅಂಚಿನಲ್ಲೆಲ್ಲ ಕನ್ನಡ. ಕಿಡ್ನಿ ಪಕ್ಕದಲ್ಲಿ ಮೂತ್ರಪಿಂಡ, ಲಿವರ್ ಪಕ್ಕದಲ್ಲಿ ಪಿತ್ತಜನಕಾಂಗ. ಕಷ್ಟಪಟ್ಟು ಪರಿಚಯ ಮಾಡಿಕೊಂಡ ನೆಂಟರು ಮತ್ತೆ ಹೆಸರು ಬದಲಿಸಿಕೊಂಡು ಬಂದು ನಿಂತಿದ್ದರು. ಒಂದು ಮಧ್ಯಾಹ್ನ ಮಳೆ ಬಿಡದೆ ಬಸ್ ಸ್ಟ್ಯಾಂಡಿಗೆ ಹೋಗಲಾಗದೆ ಲೈಬ್ರರಿಯಲ್ಲಿ ದೊಡ್ಡ ಡಿಕ್ಷನರಿ ಮಗುಚುತ್ತಾ ಕುಳಿತಿದ್ದೆ. ಆರಿಕಲ್ ಅಂತ ನೋಡಿದೆ. ಲ್ಯಾಟಿನ್ ಮೂಲ, ಅರ್ಥ ಸಣ್ಣ ಕಿವಿ. ವೆಂಟ್ರಿಕಲ್, ಸಣ್ಣ ಹೊಟ್ಟೆ. ಕ್ಯಾಪಿಲರಿ, ಅಂದರೆ ರಕ್ತದ ಅತಿ ಸಣ್ಣ ನಾಳ, ಕೂದಲಿನಂಥದ್ದು. ಲೋಮನಾಳ! ಲೋಮ ಅಂದರೂ ಕೂದಲೇ. ಒಬ್ಬಳೇ ನಕ್ಕೆ. ರೋಮಿನವನೂ ಮಾಂಸದಂಗಡಿಯ ಹುಡುಗನೂ ಹೃದಯವನ್ನು ಕೈಯಲ್ಲಿ ಹಿಡಿದಾಗ ಅದೇ ಕಿವಿಯನ್ನು ಕಂಡಿದ್ದರು.

ಆರ್ಟರಿ, ಅಂದರೆ ಅಪಧಮನಿ, ಇನ್ನೂ ಮಜಾ. ಹಳೆಯ ಗ್ರೀಕರಲ್ಲಿ ಹಲವರು ಅದರಲ್ಲಿ ಗಾಳಿ ಹರಿಯುತ್ತದೆ ಅಂತ ತಿಳಿದಿದ್ದರು. ಹೆಣ ಕೊಯ್ದು ನೋಡುವಾಗ ಅಪಧಮನಿಗಳು ಬಹುಮಟ್ಟಿಗೆ ಖಾಲಿ ಇರುತ್ತವೆ, ಅದಕ್ಕೆ. ನಮ್ಮ 'ಧಮನಿ'ಯ ಮೂಲವೂ ಊದು ಅನ್ನುವ ಅರ್ಥದ ಸಂಸ್ಕೃತ ಧಾತು, ಕಮ್ಮಾರನ ತಿದಿ ಊದುತ್ತದಲ್ಲ, ಹಾಗೆ. ರಕ್ತ ಹೃದಯದಿಂದ ಹೊರಟು ಸುತ್ತಿ ಮತ್ತೆ ಹೃದಯಕ್ಕೇ ಬರುತ್ತದೆ ಅಂತ ವಿಲಿಯಂ ಹಾರ್ವೆ ಪುಸ್ತಕ ಬರೆದದ್ದು 1628ರಲ್ಲಿ. ಅವನು ತೋರಿಸಿದ ಒಂದು ಪ್ರಯೋಗವನ್ನು ನೀವೂ ಈಗಲೇ ಮಾಡಬಹುದು. ತೋಳಿಗೆ ಒಂದು ಬಟ್ಟೆ ಬಿಗಿಯಿರಿ. ಮುಂಗೈಯಲ್ಲಿ ಉಬ್ಬಿದ ನೀಲಿ ಅಭಿಧಮನಿಯ ಮೇಲೆ ಒಂದು ಬೆರಳು ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈ ಕಡೆಗೆ, ಮುಂದಿನ ಗಂಟು ದಾಟುವವರೆಗೆ, ರಕ್ತವನ್ನು ಸವರಿ ತಳ್ಳಿ. ನಡುವಿನ ಅಭಿಧಮನಿ ಖಾಲಿಯಾಗಿ ಹಾಗೇ ಉಳಿಯುತ್ತದೆ, ಮೇಲಿನ ರಕ್ತ ಹಿಂದೆ ಬರುವುದಿಲ್ಲ. ಆ ಗಂಟಿನಲ್ಲಿ ಕವಾಟ ಉಂಟು. ಕೆಳಗಿನ ಬೆರಳು ತೆಗೆದರೆ ಪಟ್ಟನೆ ತುಂಬುತ್ತದೆ. ಹಾಸ್ಟೆಲಿನಲ್ಲಿ ರೂಂಮೇಟಿನ ಕೈಯಲ್ಲಿ ಇದನ್ನು ಎಷ್ಟು ಸಲ ಮಾಡಿದ್ದೇನೋ. ಕೊನೆಗೆ ಅವಳು ಕೈ ಕೊಡುವುದನ್ನೇ ನಿಲ್ಲಿಸಿದಳು.

ನಾನು ಡಾಕ್ಟರ್ ಆಗಲಿಲ್ಲ. ಬ್ಯಾಂಕಿಗೆ ಸೇರಿದೆ. ಹೃತ್ಕರ್ಣ, ಲೋಮನಾಳ ಎಲ್ಲ ಹಳೆಯ ಟ್ರಂಕಿಗೆ ಹೋದವು.

ಮೂರು ವರ್ಷದ ಹಿಂದೆ ಅಮ್ಮನಿಗೆ ಬಲ ಹೆಗಲು ನೋವು ಶುರುವಾಯಿತು. ಕಾಯಿ ತುರಿದು ತುರಿದು ಆಗಿದ್ದು ಅಂತ ಅವರ ತೀರ್ಮಾನ. ನೋವಿನ ಎಣ್ಣೆ ತಿಕ್ಕಿದ್ದಾಯಿತು, ಬಿಸಿ ಶಾಖ ಕೊಟ್ಟದ್ದಾಯಿತು, ತುರಿಯುವ ಕೆಲಸವನ್ನು ಮಿಕ್ಸಿಗೆ ಒಪ್ಪಿಸಿದ್ದೂ ಆಯಿತು. ನೋವು ಹೋಗಲಿಲ್ಲ. ಒಂದು ಭಾನುವಾರ ರಾತ್ರಿ, ಕೋರಿರೊಟ್ಟಿ, ಅಂದರೆ ಕೋಳಿ ಸಾರು ಮತ್ತು ಒಣ ರೊಟ್ಟಿ, ಉಂಡು ಎರಡು ಗಂಟೆಯಲ್ಲಿ, ಪಕ್ಕೆಲುಬಿನ ಕೆಳಗೆ ಬಲಗಡೆ ಹಿಡಿದುಕೊಂಡಿತು. ಬೆಳಿಗ್ಗೆ ಮಂಗಳೂರಿಗೆ ಕರೆದುಕೊಂಡು ಹೋದೆ. ಸ್ಕ್ಯಾನ್ ಆಯಿತು. ಗಾಲ್ ಬ್ಲಾಡರಿನಲ್ಲಿ ಕಲ್ಲು, ಒಳಗೆ ಊತ.

ಡಾಕ್ಟರ್ ಚಿಕ್ಕ ಪ್ರಾಯದವರು, ಹೊರಗಿನಿಂದ ಬಂದವರು. ಒಳ್ಳೆಯವರು, ಕಾಗದದಲ್ಲಿ ಚಿತ್ರ ಬಿಡಿಸಿ ಇಂಗ್ಲಿಷಿನಲ್ಲಿ ವಿವರಿಸಿದರು. ಅಮ್ಮನಿಗೆ ಹೇಳುವ ಕೆಲಸ ನನ್ನದು. ಪಿತ್ತಕೋಶ ಅಂದೆ. ಅಮ್ಮ ನನ್ನ ಮುಖ ನೋಡಿದರು. ಆಗ ಬೇರೆ ದಾರಿಯಿಂದ ಬಂದೆ. "ಕೋಳಿ ಕೊಯ್ಯುವಾಗ ಲಿವರಿನ ಅಡಿಯಲ್ಲಿ ಹಸಿರು ಇರ್ತದಲ್ಲ, ಒಡೆಯಬಾರದು ಅಂತ ನೀವು ಬೊಬ್ಬೆ ಹೊಡೀತಿದ್ರಲ್ಲ, ಅದು."

ಅಮ್ಮನ ಮುಖ ಬಿಚ್ಚಿತು. "ಹೋ, ಪಿತ್ತವಾ? ಅದನ್ನು ತೆಗೀಬೇಕಾ? ತೆಗೀಲಿ. ಅದನ್ನು ತೆಗೆಯದೆ ಯಾರಾದ್ರೂ ಪದಾರ್ಥ ಮಾಡ್ತಾರಾ?"

ಡಾಕ್ಟರಿಗೆ ಇದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ನಕ್ಕರು.

ಹೆಗಲಿನ ವಿಷಯ ಕೇಳಿದ್ದು ನಾನೇ. ಅವರು ಹೇಳಿದ್ದನ್ನು ಕೇಳುತ್ತಾ ನನ್ನ ಹಳೆಯ ಟ್ರಂಕು ತೆರೆದುಕೊಂಡಿತು. ಜಿಡ್ಡಿನ ಊಟ ಸಣ್ಣಕರುಳಿಗೆ ಇಳಿದ ಕೂಡಲೇ ಅಲ್ಲಿಂದ ಒಂದು ಹಾರ್ಮೋನು ರಕ್ತಕ್ಕೆ ಸೇರುತ್ತದೆ. ಅದು ಸುತ್ತಿ ಬಂದು ಪಿತ್ತಕೋಶಕ್ಕೆ ಹಿಂಡು ಅನ್ನುತ್ತದೆ. ಹಿಂಡುವಾಗ ಕಲ್ಲು ದಾರಿಗೆ ಅಡ್ಡ ಬಂದರೆ ನೋವು. ಊದಿದ ಪಿತ್ತಕೋಶ ಮೇಲಿರುವ ವಪೆಯನ್ನು ಕೆರಳಿಸುತ್ತದೆ. ವಪೆ ಅಂದರೆ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುವಿನ ಪರದೆ, ನಾವು ಉಸಿರಾಟದ ಪಾಠದಲ್ಲಿ ಓದಿದ್ದು. ಅದು ಸೆಳೆದುಕೊಂಡಾಗ ಬಿಕ್ಕಳಿಕೆ ಬರುವುದು, ಅಜ್ಜಿಯ ಪ್ರಕಾರ ಯಾರೋ ನೆನಪು ಮಾಡಿಕೊಂಡಾಗ. ಈ ವಪೆಯ ನರ ಹೊರಡುವುದು ಎಲ್ಲಿಂದ ಗೊತ್ತುಂಟಾ? ಕುತ್ತಿಗೆಯಿಂದ. ಹೆಗಲಿನ ಚರ್ಮದ ನರಗಳೂ ಅಲ್ಲಿಂದಲೇ. ಮಿದುಳಿಗೆ ನೋವಿನ ಸುದ್ದಿ ಬಂದಾಗ ಅದು ಯಾವ ಮನೆಯದ್ದು ಅಂತ ಗೊಂದಲ ಆಗುತ್ತದೆ, ಹೆಗಲಿನದ್ದು ಅಂತ ಬರೆದುಕೊಳ್ಳುತ್ತದೆ.

ಪಿತ್ತ ನೆತ್ತಿಗೇರುವುದು ನಮಗೆಲ್ಲ ಗೊತ್ತು. ಹೆಗಲಿಗೂ ಏರುತ್ತದೆ ಅಂತ ಗೊತ್ತಿರಲಿಲ್ಲ.

ಜೀರ್ಣಕ್ರಿಯೆ, ರಕ್ತ ಪರಿಚಲನೆ, ಹಾರ್ಮೋನು, ಉಸಿರಾಟ, ನರವ್ಯೂಹ. ಕಡಲೆಯಷ್ಟು ಗಾತ್ರದ ಕಲ್ಲಿಗೆ ಐದು ಪಾಠ ಬೇಕಾಯಿತು. ಹೈಸ್ಕೂಲಿನಲ್ಲಿ ಇವು ಐದೂ ಬೇರೆ ಬೇರೆ, ಬೇರೆ ಬೇರೆ ಟೆಸ್ಟು. ಪ್ಲಾಸ್ಟಿಕ್ ತೊಟ್ಟೆ ಹಿಡಿದು ನಿಂತಿದ್ದ ಹುಡುಗ ಹೇಳಿದ್ದ ಮಾತು ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತಾಗ ನೆನಪಾಯಿತು. ಅವನು ಈಗ ಎಲ್ಲಿದ್ದಾನೋ. ಅಂಗಡಿಯಲ್ಲಿ ಇದ್ದರೆ ಅವನ ಕೈಯ ಕೆಲಸ ಯಾವ ಸರ್ಜನ್ನಿಗೂ ಕಡಿಮೆ ಇರಲಿಕ್ಕಿಲ್ಲ.

ಆಪರೇಷನ್ ಸಣ್ಣ ತೂತುಗಳಲ್ಲೇ ಮುಗಿಯಿತು. ಪಿತ್ತಕೋಶ ಇಲ್ಲದೆ ಜೀರ್ಣ ಹೇಗೆ ಅಂತ ನೆರೆಮನೆಯವರೆಲ್ಲ ಕೇಳಿದರು. ಪಿತ್ತರಸ ತಯಾರಾಗುವುದು ಲಿವರಿನಲ್ಲಿ, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ. ಪಿತ್ತಕೋಶ ಅದನ್ನು ಗಟ್ಟಿ ಮಾಡಿ ಇಟ್ಟುಕೊಳ್ಳುವ ಸಣ್ಣ ಚೀಲ, ಹಿಡಿಸುವುದು 30ರಿಂದ 50 ಮಿಲಿ ಲೀಟರ್. ಟ್ಯಾಂಕಿ ತೆಗೆದರೂ ಬಾವಿ ಉಂಟಲ್ಲ, ನೀರು ಸೀದಾ ಪೈಪಿಗೆ ಬರುತ್ತದೆ. ಇದು ಅಮ್ಮನೇ ಮಾಡಿದ ವಿವರಣೆ. ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆ, ಹಾಗಾಗಿ ಎಲ್ಲರಿಗೂ ಅದನ್ನೇ ಹೇಳುತ್ತೇವೆ. ಹೆಗಲು ನೋವು ಮತ್ತೆ ಬರಲಿಲ್ಲ. ಮಿಕ್ಸಿ ಮಾತ್ರ ಮನೆಯಲ್ಲಿ ಕಾಯಂ ಆಯಿತು.

ಈ ವರ್ಷ ಅಣ್ಣನ ಮಗಳು ಹತ್ತನೇ ಕ್ಲಾಸು. ಇಂಗ್ಲಿಷ್ ಮೀಡಿಯಂ. ಗಾಲ್ ಬ್ಲಾಡರ್, ಪ್ಯಾಂಕ್ರಿಯಾಸ್ ಅಂತ ಸರಸರ ಹೇಳುತ್ತಾಳೆ. ಕಳೆದ ತಿಂಗಳು ಮನೆಯ ದೈವಕ್ಕೆ ಅಗೆಲು, ಅಂದರೆ ಎಡೆ ಇಡುವುದು, ಇತ್ತು. ಅಮ್ಮ ಮೆಟ್ಟುಕತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಊರ ಕೋಳಿ ಕೊಯ್ಯುತ್ತಿದ್ದರು. ಅವಳು ಪಕ್ಕದಲ್ಲಿ ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದಳು, ಮುಖ ಅರ್ಧ ತಿರುಗಿಸಿಕೊಂಡು.

ಲಿವರ್ ಹೊರಬಂತು. ಅದರ ಅಡಿಯಲ್ಲಿ ಕಡುಹಸಿರು ಚೀಲ, ಕಿರುಬೆರಳಿನ ಒಂದು ಗಿಣ್ಣಿನಷ್ಟು. ಅಮ್ಮ ಉಸಿರು ಬಿಗಿ ಹಿಡಿದು, ಅದನ್ನು ಸ್ವಲ್ಪ ಲಿವರಿನ ಸಮೇತ ಕೊಯ್ದು, ಎರಡು ಬೆರಳ ನಡುವೆ ಎತ್ತಿ ಬೆಳಕಿಗೆ ಹಿಡಿದರು.

"ಅಜ್ಜೀ, ಎಂತ ಅದು?"

"ಪಿತ್ತ. ಉಂದು ಎಂಕ್ ಇತ್ತೆ ಇಜ್ಜಿ" ಅಂದರು ಅಮ್ಮ. ಇದು ನನಗೆ ಈಗ ಇಲ್ಲ ಅಂತ.

ಅವಳು ಮೊಬೈಲ್ ಕೆಳಗಿಳಿಸಿ ಅಜ್ಜಿಯ ಹೊಟ್ಟೆ ನೋಡಿದಳು. ಆಮೇಲೆ ಆ ಹಸಿರು ಚೀಲ ನೋಡಿದಳು. ಆಮೇಲೆ ತನ್ನ ಬಲ ಪಕ್ಕೆಲುಬಿನ ಕೆಳಗೆ ಕೈ ಇಟ್ಟು, ಮೆಲ್ಲ ಒತ್ತಿ ನೋಡಿದಳು.